ಚಿಕ್ಕ ಕಾರಿನ ತೂಕ ಇಳಿಸಿ ಎಳೆತ ಹೆಚ್ಚಿಸುವುದು ಹೇಗೆ? ಹಾಸನ–ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಕ್ವಿಡ್, ಸ್ವಿಫ್ಟ್‌ನಂಥ ದಿನಬಳಕೆಯ ಕಾರುಗಳಿಗೆ ಮಾತ್ರ ಇಲ್ಲಿನ ಮಾತು ಅನ್ವಯಿಸುತ್ತದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಗೊಬ್ಬರದ ಚೀಲ ತಂದು, ಭಾನುವಾರ ಧರ್ಮಸ್ಥಳಕ್ಕೆ ಹೋಗಿ ಬರುವ ಕಾರುಗಳು ಇವು. ಕಂಪನಿಯವರು ಹಾಕಿದ್ದನ್ನು ಕೀಳುವ ಮೊದಲು ನೀವೇ ಹಾಕಿಸಿದ್ದನ್ನು ಬಿಚ್ಚಿ ಎನ್ನುವುದೇ ಕೆಳಗಿನ ಹೆಚ್ಚಿನ ಉತ್ತರಗಳ ಸಾರ.

ತೂಕ ಇಳಿಸಿದರೆ ಪಿಕಪ್ ನಿಜವಾಗಿಯೂ ಹೆಚ್ಚುತ್ತದಾ? ಎಷ್ಟು?

ಹೆಚ್ಚುತ್ತದೆ. ಆದರೆ ಲೆಕ್ಕ ಹಾಕಿ ನಂಬಿ, ಮಾತು ಕೇಳಿ ನಂಬಬೇಡಿ. ಆಲ್ಟೊ 800 ಕಾರಿನ ಖಾಲಿ ತೂಕ ಮಾಡೆಲ್ ನೋಡಿಕೊಂಡು 700ರಿಂದ 760 ಕೆ.ಜಿ. ತಲೆಗೆ 65 ಕೆ.ಜಿ.ಯಂತೆ ನಾಲ್ವರು ಕೂತರೆ 260 ಕೆ.ಜಿ. ಸೇರಿ ಒಟ್ಟು ಸಾವಿರದ ಹತ್ತಿರ. ಅದರಲ್ಲಿ 50 ಕೆ.ಜಿ. ಇಳಿಸಿದರೆ ಶೇ. 5ರಷ್ಟು ಹಗುರ. ಗಂಟೆಗೆ 20ರಿಂದ 60 ಕಿ.ಮೀ. ವೇಗಕ್ಕೆ ಏರಲು 10 ಸೆಕೆಂಡ್ ಹಿಡಿಯುತ್ತಿದ್ದರೆ ಇನ್ನು ಮುಂದೆ ಒಂಬತ್ತೂವರೆ.

ಘಾಟಿಯ ಲೆಕ್ಕ ಇದಕ್ಕಿಂತ ಸ್ವಾರಸ್ಯ. 100 ಮೀಟರ್ ಹೋದರೆ 10 ಮೀಟರ್ ಏರುವ ರಸ್ತೆಯಲ್ಲಿ ಒಂದು ಟನ್ ತೂಕದ ಕಾರು ಗಂಟೆಗೆ 40 ಕಿ.ಮೀ.ನಲ್ಲಿ ಹತ್ತಬೇಕಾದರೆ ಏರುವುದಕ್ಕೇ ಸುಮಾರು 15 ಅಶ್ವಶಕ್ತಿ ಬೇಕು. ಗಾಳಿ ಮತ್ತು ಟೈರಿನ ಉರುಳು ಪ್ರತಿರೋಧ ಬೇರೆ. 50 ಕೆ.ಜಿ. ಕಡಿಮೆಯಾದರೆ ಇದರಲ್ಲಿ ಮುಕ್ಕಾಲು ಅಶ್ವಶಕ್ತಿ ಉಳಿಯುತ್ತದೆ. ಕೇಳಲು ಅಲ್ಪ. ಆದರೆ ಮೂರನೇ ಗೇರಿನಲ್ಲಿ ಇನ್ನೇನು ಉಸಿರುಕಟ್ಟುತ್ತದೆ ಎನ್ನುವ ಹಂತದಲ್ಲಿರುವ ಕಾರಿಗೆ, ಎರಡಕ್ಕೆ ಇಳಿಯಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸುವುದು ಇಷ್ಟೇ ವ್ಯತ್ಯಾಸ.

ಮಂಗಳೂರಿನಲ್ಲಿ ಚೆನ್ನಾಗಿ ಓಡುವ ಕಾರು ನಮ್ಮೂರಿಗೆ ಬಂದರೆ ಯಾಕೆ ಮಂಕಾಗುತ್ತದೆ?

ಎತ್ತರ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ. 9ರಿಂದ 10ರಷ್ಟು ಕಡಿಮೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ತಾನು ಎಳೆದುಕೊಳ್ಳುವ ಗಾಳಿಯಷ್ಟೇ ಪೆಟ್ರೋಲ್ ಸುಡಬಲ್ಲದು. ಹಾಗಾಗಿ ಸಮುದ್ರಮಟ್ಟದಲ್ಲಿ 48 ಅಶ್ವಶಕ್ತಿ ಕೊಡುವ ಎಂಜಿನ್ ಚಿಕ್ಕಮಗಳೂರಿನಲ್ಲಿ 43 ಕೊಡುತ್ತದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತಲುಪುವ ಹೊತ್ತಿಗೆ 40ಕ್ಕೆ ಇಳಿದಿರುತ್ತದೆ. ಈ ನಷ್ಟವನ್ನು ಬರೀ ತೂಕದಿಂದ ತುಂಬಿಕೊಳ್ಳಲು ಹೊರಟರೆ ಒಂದು ಟನ್‌ನಲ್ಲಿ 170 ಕೆ.ಜಿ. ತೆಗೆಯಬೇಕು. ಅದು ಆಗುವ ಮಾತಲ್ಲ. ಆ ಬೆಟ್ಟದ ದಾರಿಯಲ್ಲಿ ಕೈಮರ ದಾಟಿದ ಮೇಲೆ ಎರಡನೇ ಗೇರು, ಕಡಿದಾದ ತಿರುವಿನಲ್ಲಿ ಒಂದನೇ ಗೇರು ಹಾಕುವುದು ಕಾರಿನ ದೋಷವಲ್ಲ, ಅಲ್ಲಿನ ಕ್ರಮವೇ ಅದು.

ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ಆಗಿದ್ದರೆ ತೊಂದರೆ ಇಮ್ಮಡಿ. ಗಾಳಿ ಕಡಿಮೆಯಾದರೂ ಅದು ಪೆಟ್ರೋಲ್ ಬಿಡುವುದನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ. ಮಿಶ್ರಣ ದಪ್ಪವಾಗಿ ಪ್ಲಗ್ ಕಪ್ಪಾಗುತ್ತದೆ. ಇಂಜೆಕ್ಷನ್ ಕಾರುಗಳಲ್ಲಿ ಇದನ್ನು ಕಂಪ್ಯೂಟರೇ ಸರಿಹೊಂದಿಸಿಕೊಳ್ಳುತ್ತದೆ.

ತೂಕಕ್ಕೆ ಕೈ ಹಾಕುವ ಮೊದಲು ಏನು ನೋಡಬೇಕು?

ಗಾಡಿ ಎಳೆಯುತ್ತಿಲ್ಲ ಎನ್ನುವವರಲ್ಲಿ ಬಹಳ ಮಂದಿಯ ಸಮಸ್ಯೆ ತೂಕದ್ದಲ್ಲವೇ ಅಲ್ಲ. ಜ್ಯಾಕ್ ಹಾಕಿ ಹಿಂದಿನ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಹ್ಯಾಂಡ್ ಬ್ರೇಕ್ ಬಿಟ್ಟಾಗಲೂ ಕರಕರ ಎಂದು ತಕ್ಷಣ ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಿಗೆ ಇದು ಮಾಮೂಲು, ಕೇಬಲ್ ಒಳಗೆ ತುಕ್ಕು ಹಿಡಿದಿರುತ್ತದೆ. ಮುಂದಿನ ಚಕ್ರದಲ್ಲಾದರೆ ಕ್ಯಾಲಿಪರ್ ಪಿನ್ ಒಣಗಿರುತ್ತದೆ. ಬ್ರೇಕ್ ಹಿಡಿದುಕೊಂಡ ಕಾರಿನಿಂದ ನೂರು ಕೆ.ಜಿ. ಇಳಿಸಿದರೂ ಪ್ರಯೋಜನವಿಲ್ಲ.

ಆಮೇಲೆ ಟೈರಿನ ಗಾಳಿ (ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯ ಪ್ರಕಾರ), ಏರ್ ಫಿಲ್ಟರ್, ಪ್ಲಗ್, ಕ್ಲಚ್. ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ. ಲಕ್ಷ ಕಿ.ಮೀ. ದಾಟಿದ ಎಂಜಿನ್‌ಗೆ ಒಮ್ಮೆ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸುವುದು ಒಳ್ಳೆಯದು.

ಕಾರನ್ನು ತೂಗುವುದು ಎಲ್ಲಿ, ಹೇಗೆ?

ಎಪಿಎಂಸಿ ಯಾರ್ಡ್ ಸುತ್ತಮುತ್ತ, ಕಾಫಿ ವರ್ಕ್ಸ್‌ಗಳ ಬಳಿ ಇರುವ ಯಾವುದೇ ವೇ ಬ್ರಿಡ್ಜ್ ಸಾಕು. ಹೋಗುವ ಮೊದಲು ಅದು ಎಷ್ಟು ಕೆ.ಜಿ.ಯ ಹೆಜ್ಜೆಯಲ್ಲಿ ತೋರಿಸುತ್ತದೆ ಎಂದು ಕೇಳಿ. 5 ಕೆ.ಜಿ. ಆದರೆ ಉತ್ತಮ, 10 ಆದರೂ ನಡೆಯುತ್ತದೆ, 20 ಆದರೆ ಬೇರೆ ಕಡೆ ಹೋಗಿ.

ಮೊದಲು ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಇಳಿದು ತೂಕ ಬರೆದುಕೊಳ್ಳಿ. ಆಮೇಲೆ ಪೂರ್ತಿ ಕಾರು. ಕೊನೆಗೆ ಹಿಂದಿನ ಚಕ್ರ ಮಾತ್ರ. ಮುಂದಿನದೂ ಹಿಂದಿನದೂ ಸೇರಿಸಿದರೆ ಒಟ್ಟು ತೂಕಕ್ಕೆ ಹತ್ತಿರ ಬರಬೇಕು. ಬರದಿದ್ದರೆ ರಸ್ತೆ ಮತ್ತು ತಟ್ಟೆ ಒಂದೇ ಮಟ್ಟದಲ್ಲಿಲ್ಲ ಎಂದು ಅರ್ಥ. ಖಾಲಿ ಚಿಕ್ಕ ಕಾರಿನ ತೂಕದಲ್ಲಿ ಶೇ. 60ರಿಂದ 65 ಮುಂದಿನ ಚಕ್ರಗಳ ಮೇಲೇ ಇರುತ್ತದೆ. ಈ ಅಂಕಿ ಮುಂದೆ ಬ್ರೇಕ್ ವಿಷಯಕ್ಕೆ ಬೇಕಾಗುತ್ತದೆ.

ಬಿಚ್ಚಿದ ಸಣ್ಣ ಸಾಮಾನನ್ನು ವೇ ಬ್ರಿಡ್ಜ್ ಗುರುತಿಸುವುದಿಲ್ಲ. ಅದಕ್ಕೆ ಕೊಕ್ಕೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಒಂದೊಂದನ್ನೂ ತೂಗಿ ಬರೆದಿಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಎರಡೂ ಸಲ ಒಂದೇ ಮಟ್ಟದಲ್ಲಿರಲಿ.

ಮೊದಲು ಏನನ್ನು ಬಿಚ್ಚಬೇಕು?

ಶೋರೂಮಿನಿಂದ ಬಂದ ಮೇಲೆ ಸೇರಿಸಿದ್ದೆಲ್ಲವನ್ನೂ. ಕೆಳಗಿನವು ಅಂದಾಜು ತೂಕಗಳು, ನಿಮ್ಮದನ್ನು ನೀವೇ ತೂಗಿಕೊಳ್ಳಿ.

ಮುಂದಿನ ಕಬ್ಬಿಣದ ಗಾರ್ಡ್ 12ರಿಂದ 20 ಕೆ.ಜಿ., ಹಿಂದಿನದು 6ರಿಂದ 10. ಇಂಥ ಗಾರ್ಡ್, ಅಂದರೆ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಚಾಸಿಗೆ ನೇರ ಬೋಲ್ಟ್ ಮಾಡಿದ ಗಾರ್ಡ್ ಇದ್ದರೆ ಬಂಪರ್ ಹಿಂದಿನ ಲೋಹ ಮಡಿದು ಪೆಟ್ಟು ಹೀರುವುದಕ್ಕೆ ಅವಕಾಶವೇ ಸಿಗುವುದಿಲ್ಲ, ಏರ್ ಬ್ಯಾಗ್ ಬಿಚ್ಚುವ ಸಮಯವೂ ಕೆಡಬಹುದು. ತೂಕದ ಮಾತು ಪಕ್ಕಕ್ಕಿರಲಿ, ಈ ಒಂದೇ ಕಾರಣಕ್ಕೆ ತೆಗೆಯಬೇಕು. ಬಿಚ್ಚಿದ ಮೇಲೆ ಉಳಿಯುವ ತೂತುಗಳಿಗೆ ಮೂಲ ಅಳತೆಯ ಬೋಲ್ಟ್ ಅಥವಾ ರಬ್ಬರ್ ಗ್ರಾಮೆಟ್ ಹಾಕಿ. ಹಾಗೇ ಬಿಟ್ಟರೆ ಮಳೆನೀರು ಚಾಸಿಯ ಒಳಗೆ ಇಳಿದು ತುಕ್ಕು ಒಳಗಿನಿಂದ ಶುರುವಾಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ಟಿಂಕರಿಂಗ್ ಕೆಲಸ ದೊಡ್ಡದಾಗಿರುತ್ತದೆ.

ಟಾಪ್ ಕ್ಯಾರಿಯರ್ 10ರಿಂದ 15 ಕೆ.ಜಿ. ಇದು ತೂಕಕ್ಕಿಂತ ಗಾಳಿಯಿಂದ ಹೆಚ್ಚು ಹಾಳು ಮಾಡುತ್ತದೆ. ಹಾಸನದಿಂದ ಬೆಂಗಳೂರು ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಖಾಲಿ ಕ್ಯಾರಿಯರ್ ಕೂಡ ಮೈಲೇಜ್ ತಿನ್ನುತ್ತದೆ. ಬೇಕಾದ ದಿನ ಹಾಕಿ, ಬೇಡದ ದಿನ ಇಳಿಸಿಡಿ.

ಡಿಕ್ಕಿಯ ಸಬ್ ವೂಫರ್ ಪೆಟ್ಟಿಗೆ ಮತ್ತು ಆ್ಯಂಪ್ಲಿಫೈಯರ್ ಸೇರಿ 15ರಿಂದ 22. ಸ್ಪಂಜು ಇಟ್ಟು ಹೊಲಿದ ರೆಕ್ಸಿನ್ ಸೀಟ್ ಕವರ್ ಒಂದು ಸೆಟ್ಟಿಗೆ 5ರಿಂದ 8. ಇಡೀ ನೆಲ ಮುಚ್ಚುವ ದಪ್ಪ ಮ್ಯಾಟ್ 4ರಿಂದ 6. ನಾಲ್ಕು ಬಾಗಿಲಿಗೂ ಸದ್ದು ತಡೆಯಲು ಹಾಳೆ ಅಂಟಿಸಿದ್ದರೆ 8ರಿಂದ 12. ಆ ಹಾಳೆಯನ್ನು ಕೀಳುವುದು ರಗಳೆಯ ಕೆಲಸ, ಅಂಟು ಉಳಿದು ಧೂಳು ಹಿಡಿಯುತ್ತದೆ. ಅದೊಂದನ್ನು ಹಾಗೇ ಬಿಟ್ಟರೂ ಪರವಾಗಿಲ್ಲ.

ಇನ್ನು ಡಿಕ್ಕಿ. ಕತ್ತಿ, ಹಾರೆ, ಹಗ್ಗ, ಅರ್ಧ ಖಾಲಿಯಾದ ಎಂಜಿನ್ ಆಯಿಲ್ ಕ್ಯಾನು, ಕಳೆದ ವರ್ಷದ ಟಾರ್ಪಾಲು, ಯಾವುದೋ ಮದುವೆಯಿಂದ ತಂದ ಪಾತ್ರೆ. ತೋಟದ ಮನೆಯ ಕಾರುಗಳಲ್ಲಿ ಇದೇ 15–20 ಕೆ.ಜಿ. ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಇರುವ ಕಾರಿನಲ್ಲಿ ಕಂಪನಿಯ ಒಂದು ಬೋಲ್ಟೂ ಮುಟ್ಟದೆ 50ರಿಂದ 80 ಕೆ.ಜಿ. ಇಳಿಯುತ್ತದೆ, ಅಂದರೆ ಒಬ್ಬ ಆಳು ಇಳಿದಷ್ಟು.

ಮಳೆಗಾಲದಲ್ಲಿ ಕಾರು ಭಾರವಾಗುತ್ತದೆ ಅನ್ನುತ್ತಾರೆ, ನಿಜವಾ?

ನಿಜ. ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆಯ ಕಾರುಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ತೂಕ ಇದೇ. ನೆಲದ ಕಾರ್ಪೆಟ್ ಕೆಳಗೆ ದಪ್ಪನೆಯ ಫೆಲ್ಟ್ ಅಥವಾ ಸ್ಪಂಜು ಇದೆ. ಅದು ಐದರಿಂದ ಹತ್ತು ಲೀಟರ್ ನೀರು ಕುಡಿದು ಕೂತರೂ ಮೇಲೆ ಬರೀ ತೇವದಂತೆ ಕಾಣುತ್ತದೆ. ಲೀಟರಿಗೆ ಒಂದು ಕೆ.ಜಿ. ಪರೀಕ್ಷಿಸಲು ಸಂಜೆ ಕಾರ್ಪೆಟ್ ಕೆಳಗೆ ಮಡಿಸಿದ ಪತ್ರಿಕೆಯ ಹಾಳೆ ತೂರಿಸಿ, ಬೆಳಿಗ್ಗೆ ತೆಗೆದು ನೋಡಿ.

ನೀರು ಬರುವ ದಾರಿ ಹುಡುಕದೆ ಒಣಗಿಸಿ ಪ್ರಯೋಜನವಿಲ್ಲ. ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿರುವ ತೊಟ್ಟಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿ ನೀರು ಹೊರಹೋಗುವ ತೂತು ಕಟ್ಟಿರುತ್ತದೆ. ಕಾಫಿ ತೋಟದ ನೆರಳಲ್ಲಿ ನಿಲ್ಲಿಸುವ ಕಾರಿಗೆ ಇದು ಮೊದಲ ಅನುಮಾನ. ಬಾಗಿಲಿನ ಒಳ ಪ್ಯಾನಲ್ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಹಾಕುವವರು ಹರಿದು ಬಿಟ್ಟಿದ್ದರೆ ಗಾಜಿನಿಂದ ಇಳಿದ ನೀರು ನೇರ ಒಳಗೆ. ಹಿಂದಿನ ಲೈಟಿನ ಗ್ಯಾಸ್ಕೆಟ್ ಒಣಗಿದ್ದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಎಡಗಡೆ ಮುಂದಿನ ಸೀಟಿನ ಕಾಲಿನ ಜಾಗ ಮಾತ್ರ ಒದ್ದೆಯಾದರೆ ಎಸಿ ನೀರಿನ ಪೈಪ್ ನೋಡಿ. ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟುವುದುಂಟು.

ಒಣಗಿಸಲು ಸೀಟ್ ಬಿಚ್ಚಿ ಕಾರ್ಪೆಟ್ ಪೂರ್ತಿ ಹೊರತೆಗೆಯಬೇಕು, ಬರೀ ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿದರೆ ಫೆಲ್ಟ್ ಒಣಗುವುದಿಲ್ಲ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್ ಬ್ಯಾಗ್ ಅಥವಾ ಸೀಟ್ ಬೆಲ್ಟಿನ ವೈರು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೆಲವು ನಿಮಿಷ ಕಾಯ್ದು ಆಮೇಲೆ ಕನೆಕ್ಟರ್ ಮುಟ್ಟಿ. ಅದನ್ನು ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದರೆ ಏರ್ ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ, ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ.

ಹೊರಗಿನ ಕೆಸರು ಬೇರೆ. ಮುಂದಿನ ಫೆಂಡರ್ ಹಿಂಭಾಗ, ಚಕ್ರದ ಕಮಾನು, ಬಾಗಿಲ ಕೆಳಗಿನ ಅಂಚು ಇಲ್ಲೆಲ್ಲ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಇಳಿಸಿದರೆ ಐದಾರು ಕೆ.ಜಿ. ಸಿಗುವುದು ಅಪರೂಪವಲ್ಲ. ನೀರು ಇಳಿಯುವ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ.

ಸ್ಟೆಪ್ನಿ ಮನೆಯಲ್ಲೇ ಬಿಡಬಹುದಾ?

ಬೇಡ. 12 ಇಂಚಿನ ಚಕ್ರವಾದರೆ 10–11 ಕೆ.ಜಿ. ಉಳಿಯಬಹುದು. ಆದರೆ ಕೊಟ್ಟಿಗೆಹಾರದಿಂದ ಕೆಳಗೆ ಚಾರ್ಮಾಡಿ ಇಳಿಯುವಾಗಲೋ ಬಿಸಿಲೆ ಕಾಡಿನಲ್ಲೋ ಟೈರಿನ ಪಕ್ಕ ಹರಿದರೆ ಪಂಕ್ಚರ್ ಕಿಟ್ ಏನೂ ಮಾಡಲಾರದು, ಅದು ಮುಚ್ಚುವುದು ನೆಲಕ್ಕೆ ತಾಗುವ ಭಾಗದ ಮೊಳೆತೂತನ್ನು ಮಾತ್ರ. 2020ರ ತಿದ್ದುಪಡಿಯಲ್ಲಿ ಸ್ಟೆಪ್ನಿ ಕಡ್ಡಾಯವಲ್ಲ ಎಂದಿರುವುದು ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಮೂರೂ ಇರುವ ಕಾರುಗಳಿಗೆ.

ಹಿಂದಿನ ಸೀಟು ಬಿಚ್ಚಿದರೆ? ನಾವು ಇಬ್ಬರೇ ಓಡಾಡುವುದು.

12–15 ಕೆ.ಜಿ. ಸಿಗುತ್ತದೆ, ಅದರ ಜೊತೆ ಎರಡು ತಲೆನೋವೂ ಬರುತ್ತವೆ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ನಮೂದಾಗಿದೆ. ಸೀಟು ಕಾಯಂ ತೆಗೆಯುವುದು ವಾಹನದ ಬದಲಾವಣೆ ಎನಿಸಿಕೊಳ್ಳುತ್ತದೆ. ಎರಡನೆಯದು ಬ್ರೇಕ್. ಮೊದಲೇ ಮುಂಭಾರದ ಕಾರಿನಿಂದ ಹಿಂದಿನ ಸೀಟು, ಸ್ಟೆಪ್ನಿ, ಡಿಕ್ಕಿಯ ಸಾಮಾನು ಎಲ್ಲವನ್ನೂ ತೆಗೆದರೆ ಹಿಂದಿನ ಚಕ್ರಗಳ ಮೇಲೆ ಭಾರ ತೀರಾ ಕಡಿಮೆಯಾಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ತೂಕ ಇನ್ನಷ್ಟು ಮುಂದಕ್ಕೆ ಜಾರಿ, ಹಿಂದಿನ ಡ್ರಮ್ ಬ್ರೇಕ್ ಚಕ್ರವನ್ನು ಲಾಕ್ ಮಾಡುತ್ತದೆ. ಲಾಕ್ ಆದ ಹಿಂಚಕ್ರ ಹಿಡಿತ ಕಳೆದುಕೊಂಡು ಬಾಲ ಪಕ್ಕಕ್ಕೆ ಬೀಸುತ್ತದೆ. ಜುಲೈ ತಿಂಗಳ ಪಾಚಿ ಹಿಡಿದ ತಿರುವಿನಲ್ಲಿ ಇದು ನೇರ ಕಣಿವೆಯ ದಾರಿ. ಹೊಸ ಕಾರುಗಳಿಗೆಲ್ಲ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಚಿಕ್ಕ ಕಾರುಗಳಲ್ಲಿ ಬಹುಪಾಲಿಗೆ ಅದಿಲ್ಲ.

ಸೀಟು ಮಡಿಸಿಡಿ, ಬಿಚ್ಚಬೇಡಿ.

ಅಲಾಯ್ ವೀಲ್ ಹಾಕಿದರೆ ಹಗುರ ಆಗುತ್ತಲ್ಲ?

ಅಂಗಡಿಯವರು ಹಾಗೇ ಹೇಳುತ್ತಾರೆ. ತಕ್ಕಡಿ ತೆಗೆದುಕೊಂಡು ಹೋಗಿ. ಅಚ್ಚಿಗೆ ಸುರಿದು ಮಾಡಿದ ಅಗ್ಗದ ಅಲಾಯ್ ಅದೇ ಅಳತೆಯ ಸ್ಟೀಲ್ ಡಿಸ್ಕಿಗಿಂತ ಭಾರ ಇರುವುದೂ ಉಂಟು. ಒಂದಿಂಚು ದೊಡ್ಡದಕ್ಕೆ ಹೋಗಿ, ಟೈರನ್ನೂ ಅಗಲ ಮಾಡಿದರೆ ಭಾರ ಖಂಡಿತ ಹೆಚ್ಚುತ್ತದೆ.

ಚಕ್ರದ ತೂಕಕ್ಕೆ ಬೆಲೆ ಜಾಸ್ತಿ ಎನ್ನುವುದು ಸರಿ, ಆದರೆ ಎಲ್ಲಿ ಎಂದು ತಿಳಿದಿರಬೇಕು. ವೇಗ ಹೆಚ್ಚಿಸುವಾಗ ಚಕ್ರವನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ತಿರುಗಿಸಬೇಕು ಕೂಡ. ಆದ್ದರಿಂದ ಟೈರಿನ ಹೊರ ಅಂಚಿನ ಒಂದು ಕೆ.ಜಿ. ಸುಮಾರು ಎರಡು ಕೆ.ಜಿ.ಯಂತೆ, ಡಿಸ್ಕಿನ ಒಂದು ಕೆ.ಜಿ. ಒಂದೂವರೆಯಂತೆ ವರ್ತಿಸುತ್ತದೆ. ಊರೊಳಗೆ ನಿಲ್ಲಿಸಿ ಹೊರಡುವ ಓಡಾಟದಲ್ಲಿ ಇದು ಲಾಭ. ಘಾಟಿಯನ್ನು ಒಂದೇ ವೇಗದಲ್ಲಿ ಹತ್ತುವಾಗ ಈ ವಿಶೇಷವಿಲ್ಲ, ಅಲ್ಲಿ ಒಂದು ಕೆ.ಜಿ. ಒಂದೇ ಕೆ.ಜಿ. ಇನ್ನೊಂದು ಲಾಭ ಸಸ್ಪೆನ್ಷನ್‌ಗೆ: ಹಗುರ ಚಕ್ರ ಗುಂಡಿಯ ಅಂಚನ್ನು ಬೇಗ ಹಿಂಬಾಲಿಸುತ್ತದೆ.

ಟೈರಿನ ಸುತ್ತಳತೆ ಕಡೆಗಣಿಸಬೇಡಿ. ಆಲ್ಟೊದ 145/80 ಆರ್ 12 ಟೈರಿನ ವ್ಯಾಸ 537 ಮಿ.ಮೀ. 155/65 ಆರ್ 13 ಹಾಕಿದರೆ 532, ಹೆಚ್ಚು ವ್ಯತ್ಯಾಸವಿಲ್ಲ. ಚೆಂದ ಕಾಣಲೆಂದು 155/80 ಆರ್ 13 ಹಾಕಿದರೆ 578 ಆಗುತ್ತದೆ. ಅಂದರೆ ಎಲ್ಲ ಗೇರೂ ಶೇ. 7ರಿಂದ 8ರಷ್ಟು ಉದ್ದವಾದಂತೆ. ತೂಕ ಇಳಿಸಿ ಗಳಿಸಿದ್ದೆಲ್ಲ ಅಲ್ಲೇ ಹೋಯಿತು, ಟೈರು ಫೆಂಡರಿಗೆ ಉಜ್ಜುವುದು ಬೇರೆ. ಕಂಪನಿಯು ನಿಮ್ಮ ಮಾಡೆಲಿನ ಯಾವುದಾದರೂ ವೇರಿಯಂಟಿಗೆ ಕೊಟ್ಟಿರುವ ಅಳತೆಯಲ್ಲೇ ಇರಿ.

ನಮ್ಮ ರಸ್ತೆಗಳಿಗೆ ಸ್ಟೀಲ್ ಡಿಸ್ಕೇ ವಾಸಿ ಎನ್ನುವವರ ಮಾತಲ್ಲೂ ಹುರುಳಿದೆ. ಸ್ಟೀಲ್ ಬಗ್ಗಿದರೆ ಬಡಿದು ನೇರ ಮಾಡಬಹುದು, ಅಲಾಯ್ ಬಿರುಕು ಬಿಟ್ಟರೆ ಬಿಸಾಡಬೇಕು. ಅಲಾಯ್ ಹಾಕಲೇಬೇಕೆಂದರೆ ಅದಕ್ಕೆ ಹೊಂದುವ ಕೋನಾಕಾರದ ನಟ್ ಇದೆಯೇ ನೋಡಿ. ಮಾರುತಿ ಕಾರುಗಳಿಗೆ 19ರ ಸಾಕೆಟ್, ಬಿಗಿ ಸುಮಾರು 85 ನ್ಯೂಟನ್ ಮೀಟರ್. 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು.

ನಮ್ಮ ಕಡೆ ತಂಪು. ಎಸಿ ಕಿತ್ತು ಹಾಕಿದರೆ ಹೇಗೆ?

ಕಂಪ್ರೆಸರ್, ಕಂಡೆನ್ಸರ್, ಪೈಪು, ಒಳಗಿನ ಕಾಯಿಲ್ ಸೇರಿ 15–20 ಕೆ.ಜಿ. ಇದೆ ನಿಜ. ಆದರೆ ಚಿಕ್ಕಮಗಳೂರಿನಲ್ಲಿ ಎಸಿ ಬೇಕಾಗುವುದು ಸೆಕೆಗಲ್ಲ, ಮಳೆಯಲ್ಲಿ ಗಾಜಿನ ಮಂಜು ತೆಗೆಯಲು. ನಾಲ್ವರು ಒದ್ದೆ ಬಟ್ಟೆಯಲ್ಲಿ ಕೂತಾಗ ಎಸಿ ಇಲ್ಲದ ಕಾರಿನಲ್ಲಿ ಮುಂದಿನ ರಸ್ತೆ ಕಾಣುವುದಿಲ್ಲ. ಏರು ಹತ್ತುವಾಗ ಸ್ವಿಚ್ ಆಫ್ ಮಾಡಿದರೆ ಕಂಪ್ರೆಸರಿನ ಕ್ಲಚ್ ಬಿಟ್ಟುಕೊಂಡು ಎಂಜಿನ್‌ಗೆ ಕೆಲವು ಅಶ್ವಶಕ್ತಿ ತಕ್ಷಣ ವಾಪಸ್ ಬರುತ್ತದೆ. 20 ಕೆ.ಜಿ. ಕಿತ್ತರೂ ಅಷ್ಟು ಬರುವುದಿಲ್ಲ.

ಚಿಕ್ಕ ಬ್ಯಾಟರಿ ಅಥವಾ ಲಿಥಿಯಂ ಬ್ಯಾಟರಿ?

ಉಳಿಯುವುದು ಐದಾರು ಕೆ.ಜಿ., ಖರ್ಚು ಹಲವು ಪಟ್ಟು. ಡಿಸೆಂಬರ್ ಚಳಿಯ ಬೆಳಗ್ಗೆ ಚಿಕ್ಕ ಬ್ಯಾಟರಿ ಕೈ ಕೊಡುತ್ತದೆ. ಬೇಡ.

ಪೆಟ್ರೋಲ್ ಅರ್ಧ ಟ್ಯಾಂಕ್ ಹಾಕಿದರೆ?

ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ. 35 ಲೀಟರ್ ಟ್ಯಾಂಕ್ ತುಂಬಿದರೆ 26 ಕೆ.ಜಿ., ಅರ್ಧವಾದರೆ 13 ಉಳಿಯಿತು. ಖರ್ಚಿಲ್ಲದ ಉಪಾಯ. ಕಾಲು ಟ್ಯಾಂಕಿಗಿಂತ ಕೆಳಗೆ ಮಾತ್ರ ಇಳಿಸಬೇಡಿ. ಇಂಜೆಕ್ಷನ್ ಕಾರಿನ ಪಂಪು ಟ್ಯಾಂಕಿನೊಳಗೆ ಮುಳುಗಿದ್ದು, ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ. ಕಡಿದಾದ ಏರಿನಲ್ಲಿ ಇಂಧನ ಒಂದು ಬದಿಗೆ ಸರಿದರೆ ಪಂಪು ಗಾಳಿ ಎಳೆದು ಗಾಡಿ ಜಗ್ಗುತ್ತದೆ.

ಸಿಎನ್‌ಜಿ ಅಥವಾ ಹಳೆಯ ಎಲ್‌ಪಿಜಿ ಕಿಟ್ ಇದೆ, ಬಳಸುತ್ತಿಲ್ಲ. ತೆಗೆಯಬಹುದಾ?

ಇಡೀ ಪಟ್ಟಿಯಲ್ಲಿ ಅತಿ ದೊಡ್ಡ ಗಂಟು ಇದೇ. 60 ಲೀಟರಿನ ಉಕ್ಕಿನ ಸಿಎನ್‌ಜಿ ಸಿಲಿಂಡರ್ ಒಂದೇ 50–60 ಕೆ.ಜಿ. ತೂಗುತ್ತದೆ. ಬ್ರಾಕೆಟ್, ಪೈಪು, ರೆಗ್ಯುಲೇಟರ್ ಸೇರಿದರೆ ಇನ್ನೂ ಹೆಚ್ಚು. ಹೊರಗಡೆ ಹಾಕಿಸಿದ ಕಿಟ್ ಆಗಿದ್ದು ನೀವು ಬಳಸುತ್ತಲೇ ಇಲ್ಲ ಎಂದಾದರೆ ತೆಗೆಸುವುದು ಸರಿ. ಅನಿಲ ಖಾಲಿ ಮಾಡುವ, ಬಿಚ್ಚುವ ಕೆಲಸ ಅಧಿಕೃತ ಕೇಂದ್ರದಲ್ಲೇ ಆಗಲಿ, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯ ಇಂಧನದ ನಮೂದನ್ನು ತಿದ್ದಿಸಿ, ವಿಮೆಯವರಿಗೂ ತಿಳಿಸಿ. ಹಿಂದಿನ ಸ್ಪ್ರಿಂಗ್ ಬದಲಿಸಿ ಗಟ್ಟಿಯದು ಹಾಕಿದ್ದರೆ ಮೂಲದ್ದನ್ನೇ ಮರಳಿ ಹಾಕಬೇಕು, ಇಲ್ಲದಿದ್ದರೆ ಹಿಂಭಾಗ ಕುಪ್ಪಳಿಸುತ್ತದೆ. ಬಳಸುವವರು ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ತಪ್ಪಿಸಬಾರದು.

ಬಾಗಿಲೊಳಗಿನ ಕಬ್ಬಿಣದ ಪಟ್ಟಿ, ಬಂಪರ್ ಹಿಂದಿನ ತೊಲೆ, ನೆಲದ ಟಾರ್ ಹಾಳೆ: ಇವನ್ನು ತೆಗೆದರೆ?

ಬಾಗಿಲ ಪಟ್ಟಿ ಪಕ್ಕದಿಂದ ಗುದ್ದಿದಾಗ ನಿಮ್ಮ ಪಕ್ಕೆಲುಬನ್ನು ಕಾಯುವುದು. ಬಂಪರ್ ತೊಲೆ ಮುಂದಿನಿಂದ. ಇವೆರಡರ ಬಗ್ಗೆ ಚರ್ಚೆಯೇ ಇಲ್ಲ. ನೆಲದ ಟಾರ್ ಹಾಳೆ ಕಿತ್ತರೆ ಮೂರ್ನಾಲ್ಕು ಕೆ.ಜಿ. ಸಿಗುತ್ತದೆ, ಕೆರೆಯುವಾಗ ಬಣ್ಣ ಎದ್ದು, ಮಲೆನಾಡಿನ ತೇವಕ್ಕೆ ನೆಲ ಬೇಗ ತೂತಾಗುತ್ತದೆ. ಫೈಬರ್ ಬಾನೆಟ್ ಕೂಡ ದಿನಬಳಕೆಗೆ ಸಲ್ಲ: ಅಪಘಾತದಲ್ಲಿ ಮಡಿಯುವಂತೆ ಕಂಪನಿ ಬಾನೆಟ್ಟಿನಲ್ಲಿ ಮಾಡಿದ ವ್ಯವಸ್ಥೆ ಅದರಲ್ಲಿರುವುದಿಲ್ಲ, ಲಾಕ್ ಸಡಿಲವಾದರೆ ಗಾಳಿಗೆ ಎದ್ದು ಗಾಜಿಗೆ ಬಡಿಯುತ್ತದೆ.

ಹಾಗಾದರೆ ರ‍್ಯಾಲಿ ಕಾರುಗಳಲ್ಲಿ ಎಲ್ಲ ಕಿತ್ತು ಹಾಕಿರುತ್ತಾರಲ್ಲ?

ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ತೋಟದ ದಾರಿಗಳಲ್ಲೇ ನಡೆದಿದೆ, ಆದ್ದರಿಂದ ಈ ಪ್ರಶ್ನೆ ಇಲ್ಲಿ ಸಹಜ. ಕಿತ್ತದ್ದು ಕಾಣುತ್ತದೆ, ಸೇರಿಸಿದ್ದನ್ನು ಗಮನಿಸುವವರು ಕಡಿಮೆ. ಒಳಗೆ ಉಕ್ಕಿನ ರೋಲ್ ಕೇಜ್ (ಕಾರು ಮಗುಚಿದರೂ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟು), ಎಂಜಿನ್ ಕೆಳಗೆ ದಪ್ಪ ತಗಡು, ಬೆಂಕಿ ಆರಿಸುವ ಸಿಲಿಂಡರ್, ಐದಾರು ಕಡೆ ಬಿಗಿಯುವ ಬೆಲ್ಟು, ತಲೆಗೆ ಹೆಲ್ಮೆಟ್ಟು. ಕೇಜ್ ಇಲ್ಲದೆ ಕೀಳುವುದಷ್ಟನ್ನೇ ನಕಲು ಮಾಡಿದರೆ ಉಳಿಯುವುದು ದುರ್ಬಲ ಡಬ್ಬ.

ಇದೇ ಸಾಲಿನಲ್ಲಿ ಫ್ಲೈವೀಲ್ (ಎಂಜಿನ್ ತಿರುಗುವುದನ್ನು ಸಮವಾಗಿಡುವ ಭಾರದ ಚಕ್ರ) ಕೊರೆಸಿ ಹಗುರ ಮಾಡಿಸುವ ಪ್ರಶ್ನೆಯೂ ಬರುತ್ತದೆ. ಎಂಜಿನ್ ಚುರುಕಾಗಿ ಏರುತ್ತದೆ, ಅಷ್ಟೇ ಚುರುಕಾಗಿ ಏರಿನಲ್ಲಿ ಹಾಫ್ ಕ್ಲಚ್ ಬಿಡುವಾಗ ಆಫ್ ಆಗುತ್ತದೆ. ಐಡ್ಲಿಂಗ್ ನಡುಗುತ್ತದೆ. ಮೂರು ಸಿಲಿಂಡರಿನ ಎಂಜಿನ್‌ಗಂತೂ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತಪಡಿಸಿತು. 182ಎ ಕಲಮಿನಡಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ನೀವೇ ಸೇರಿಸಿದ ಗಾರ್ಡು, ಕ್ಯಾರಿಯರು, ಸೌಂಡ್ ಸಿಸ್ಟಮ್ ಬಿಚ್ಚಿದರೆ ಕಾರು ಮೂಲ ರೂಪಕ್ಕೆ ಮರಳುತ್ತದೆ ಅಷ್ಟೇ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಮೈಲೇಜ್ ಎಷ್ಟು ಹೆಚ್ಚುತ್ತದೆ?

45–50 ಕೆ.ಜಿ.ಗೆ ಶೇ. 1ರಿಂದ 2. ಲೀಟರಿಗೆ 18 ಕೊಡುವ ಕಾರು 18.3 ಕೊಟ್ಟೀತು. ಮೈಲೇಜಿಗಾಗಿಯೇ ಈ ಕೆಲಸಕ್ಕೆ ಇಳಿಯುವುದಾದರೆ ಕ್ಯಾರಿಯರ್ ಇಳಿಸಿ, ಟೈರಿಗೆ ಗಾಳಿ ಹಾಕಿಸಿ, ಅಲ್ಲಿಗೆ ನಿಲ್ಲಿಸಿ.

ವ್ಯತ್ಯಾಸ ಆಗಿದೆಯೋ ಮನಸ್ಸಿನ ಭ್ರಮೆಯೋ ತಿಳಿಯುವುದು ಹೇಗೆ?

ಕಾರು ತೊಳೆದು ಖಾಲಿ ಮಾಡಿದ ದಿನ ಎಲ್ಲರಿಗೂ ಹಾರಿದಂತೆಯೇ ಅನಿಸುತ್ತದೆ, ಸದ್ದು ಬದಲಾಗಿರುವುದರಿಂದ. ವಾಹನ ಸಂಚಾರವಿಲ್ಲದ, ಒಂದೇ ಸಮನೆ ಏರುವ ಅರ್ಧ ಕಿ.ಮೀ. ರಸ್ತೆ ಹುಡುಕಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಆಫ್, ಕಿಟಕಿ ಮುಚ್ಚಿರಲಿ. ಎರಡನೇ ಗೇರಿನಲ್ಲಿ 20ರಿಂದ 50ಕ್ಕೆ ಏರುವ ಹೊತ್ತನ್ನು ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ವೇಗ ನೋಡಿ ಅಳೆಯಲಿ. ಒಂದೇ ದಿಕ್ಕಿನಲ್ಲಿ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ತೂಕ ಇಳಿಸುವ ಮೊದಲೂ ಆಮೇಲೂ ಅದೇ ಹೊತ್ತು, ಅದೇ ಮಂದಿ, ಅಷ್ಟೇ ಪೆಟ್ರೋಲು. ಅರ್ಧ ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತೂಕ ಇಳಿಸಿದ ಮೇಲೆ ಬೇರೆ ಏನಾದರೂ ಸರಿಮಾಡಬೇಕಾ?

ಡಿಕ್ಕಿಯಿಂದ 40–50 ಕೆ.ಜಿ. ಹೋದರೆ ಹಿಂಭಾಗ ಸ್ವಲ್ಪ ಮೇಲೇಳುತ್ತದೆ, ಹೆಡ್ ಲೈಟ್ ಬೆಳಕು ಅಷ್ಟಕ್ಕೆ ಹತ್ತಿರ ಬೀಳುತ್ತದೆ. ಲೆವೆಲಿಂಗ್ ಗುಂಡಿ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಲೈಟಿನ ಹಿಂದಿನ ಸ್ಕ್ರೂನಲ್ಲಿ ಸರಿಮಾಡಿ. ಮುಂದಿನ ಗಾರ್ಡ್ ತೆಗೆದವರು ವೀಲ್ ಅಲೈನ್‌ಮೆಂಟ್ ಒಮ್ಮೆ ನೋಡಿಸಿ. ಟೈರಿನ ಗಾಳಿಯನ್ನು ಚೀಟಿಯಲ್ಲಿರುವ ಕಡಿಮೆ ಭಾರದ ಅಂಕಿಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ.

ಕಾಫಿ, ಮೆಣಸು, ಆಲೂಗಡ್ಡೆ ಚೀಲ ಸಾಗಿಸುವುದು ತಪ್ಪುವುದಿಲ್ಲ. ಏನು ಮಾಡೋಣ?

50 ಕೆ.ಜಿ.ಯ ಎರಡು ಚೀಲ ಹಾಕಿದರೆ ಇಷ್ಟು ಹೊತ್ತು ಉಳಿಸಿದ್ದೆಲ್ಲ ವಾಪಸ್ ಬಂತು, ಅದರಲ್ಲಿ ಬೇಜಾರಿಲ್ಲ; ಕಾರು ಇರುವುದೇ ಅದಕ್ಕೆ. ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಹಿಂದಿನ ಸೀಟು ಮಡಿಸಿ, ಚೀಲವನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ, ಹಿಂದಿನ ಆಕ್ಸಲಿಗಿಂತ ಮುಂದೆ ಬರುವಂತೆ. ಡಿಕ್ಕಿಯ ತುದಿಯಲ್ಲಿಟ್ಟರೆ ಮುಂದಿನ ಚಕ್ರ ಹಗುರವಾಗಿ, ಒದ್ದೆ ಏರಿನಲ್ಲಿ ಚಕ್ರ ಸುತ್ತುತ್ತದೆ. ಟಾಪಿನ ಮೇಲೆ ಚೀಲ ಹಾಕಿ ತಿರುವಿನ ರಸ್ತೆಗೆ ಹೋಗಬೇಡಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಕಾಯದಂತೆ.

ಬಿಚ್ಚಿದ ಸಾಮಾನನ್ನು ಏನು ಮಾಡುವುದು?

ಗಾರ್ಡನ್ನು ಗುಜರಿಗೆ ಹಾಕಿ. ಕಂಪನಿಯಿಂದ ಬಂದ ಯಾವ ಭಾಗವನ್ನೂ ಮಾರಬೇಡಿ: 15 ವರ್ಷಕ್ಕೆ ಆರ್‌ಸಿ ನವೀಕರಿಸುವಾಗ, ಆಮೇಲೆ ಐದೈದು ವರ್ಷಕ್ಕೊಮ್ಮೆ, ಕಾರನ್ನು ತಪಾಸಣೆಗೆ ತೋರಿಸಬೇಕು. ಬೋಲ್ಟುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ. ಕಾರ್ಪೆಟ್, ಫೆಲ್ಟ್‌ನಂಥವನ್ನು ತೋಟದ ಮನೆಯ ಶೆಡ್ಡಿನಲ್ಲಿ ನೆಲದ ಮೇಲಿಟ್ಟರೆ ಇಲಿ ಗೂಡು ಮಾಡುತ್ತದೆ. ತಂತಿಯಿಂದ ಮೇಲೆ ತೂಗು ಹಾಕಿ.